ಮೊದಲಿಟ್ಟ ಹೆಸರು

ನಿಜಾಮನ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಆ್ಯಕ್ಷನ್ ಮುಗಿದ ಮರುವರ್ಷ. ಹೈದರಾಬಾದ್ ರೈಲಿನಿಂದ ಭಾಲ್ಕಿಯಲ್ಲಿ ಇಳಿದ ಶಿವರಾಜಪ್ಪ ಮನೆಗೂ ಹೋಗದೆ, ಶಿವಕಾಂತಾ ಇದ್ದ ಅವಳ ಕಾಕಾನ ಮನೆಯ ಹಿತ್ತಲಿಗೇ ಬಂದುಬಿಟ್ಟ. ಮುಂದಿನ ವಾರ ಅವರಿಬ್ಬರ ಮದುವೆ. ಮದುಮಗ ಹೀಗೆ ಬರಬಾರದು. ಆದರೆ ಸಸ್ಯಶಾಸ್ತ್ರ ಓದಿದವನಿಗೆ ಹಿತ್ತಲಿಗೆ ಬರಲು ನೆಪಕ್ಕೇನು ಬರವೇ?

ಔರಾದದ ಬಂಡೆಗಳ ಸಂದಿಯಲ್ಲಿ ಅವನಿಗೊಂದು ಅಪರೂಪದ ಗಿಡ ಸಿಕ್ಕಿತ್ತು. ಎಲೆಯಿಲ್ಲ, ಬೆರಳಿನಂಥ ರಸ ತುಂಬಿದ ಕಾಂಡ, ತುದಿಗೆ ಕಂದು ಬಣ್ಣದ ಹೂ. ಯಾರೂ ಕಾಣದ ಜಾತಿಯೆಂದು ನಂಬಿ, ಲ್ಯಾಟಿನ್ನಿನಲ್ಲಿ ಅದಕ್ಕೆ ಅವಳ ಹೆಸರನ್ನೇ ಇಟ್ಟಿದ್ದ.

"ಏನಂದ್ರು ನಿಮ್ಮ ಪ್ರೊಫೆಸರ್ರು?" ಸೆರಗಿನ ಮರೆಯಲ್ಲಿ ನಗುತ್ತ ಕೇಳಿದಳು.

"ನಡಿಯಂಗಿಲ್ಲ ಅಂದ್ರು. ಹಿಂದ ಯಾರೋ ಸಾಹೇಬ ಇದೇ ಗಿಡಕ್ಕ ಹೆಸರಿಟ್ಟು ಛಾಪಿಸ್ಯಾನಂತ. ಮೊದಲ ಇಟ್ಟದ್ದೇ ಖಾಯಂ. ಆಮ್ಯಾಲ ಯಾರು ಎಷ್ಟು ಪ್ರೀತಿಲೇ ಇಟ್ರೂ ರದ್ದು."

"ಛಲೋ ಆತು ಬಿಡ್ರಿ. ಆ ಹೂವಿನ ನಾತಕ್ಕ ನೊಣ ಮುತ್ತತಾವ. ಅದಕ್ಕ ನನ್ನ ಹೆಸರೇನ್ರಿ?"

ಅವನ ಮುಖ ಸಪ್ಪಗಾಯಿತು. ಅವಳಿಗೆ ಅವನ ಮೇಲೆ ಮುದ್ದು ಉಕ್ಕಿತು. ಆದರೆ ಮನಸ್ಸಿನಲ್ಲಿದ್ದುದನ್ನು ಹೇಳದೆ ಇರಲಾಗಲಿಲ್ಲ.

"ಮದುವಿ ದಿನ ಅಕ್ಕಿಯೊಳಗ ನನಗ ಹೊಸ ಹೆಸರು ಬರಿತೀರಂತ. ನಿಮ್ಮ ಅವ್ವಾರು 'ಗಿರಿಜಾ' ಅಂತ ಆರಿಸ್ಯಾರಂತ."

"ಹೌದು, ರಿವಾಜು ಅದ. ಯಾಕ?"

"ಗಿಡಕ್ಕಿರೋ ಕಾಯ್ದೆ ನನಗಿಲ್ಲೇನ್ರಿ?" ಅವಳು ನೇರವಾಗಿ ಕೇಳಿದಳು. "ರಜಾಕಾರರ ಗದ್ದಲದಾಗ ಮನಿ ಸುಟ್ಟು ಹೋತು. ಅಪ್ಪ ಹೋದ. ಅಂವ ಕೊಟ್ಟದ್ದರಾಗ ಹೆಸರೊಂದೇ ಉಳದದ. ಅದನ್ನೂ ಬಿಟ್ಟು ಬಾ ಅಂದ್ರ, ನಾ ಬರಾಂಗಿಲ್ರಿ."

ಅವನಿಗೆ ಗಿಡದ ಹೆಸರು ಹೋಯಿತೆಂದು ದಾರಿಯುದ್ದಕ್ಕೂ ಕೊರಗಿದ್ದಕ್ಕೆ ನಾಚಿಕೆಯಾಯಿತು. ಅವಳನ್ನು ಇಷ್ಟು ಪ್ರೀತಿಸಿಯೂ ಇದೊಂದು ತನಗೆ ಹೊಳೆಯಲಿಲ್ಲವಲ್ಲ!

"ನೀ ಬಾ," ಎಂದ. "ಉಳದದ್ದು ನನಗ ಬಿಡು."

ಮದುವೆಯ ದಿನ ತಾಟಿನ ಅಕ್ಕಿಯ ಮೇಲೆ ಉಂಗುರ ಹಿಡಿದು ಕೂತಾಗ ಅವನ ತಾಯಿ ಸುಮಿತ್ರಾಬಾಯಿ ಪಕ್ಕದಲ್ಲೇ ನಿಂತು, "ಗಿರಿಜಾ ಅಂತ ಬರಿ," ಎಂದರು. ಅವನು ನಿಧಾನವಾಗಿ 'ಶಿವಕಾಂತಾ' ಎಂದು ಬರೆದ.

"ಏ, ಇದು ಹಳೇ ಹೆಸರಲ್ಲೇನೋ!"

"ಹೌದವ್ವಾ, ಆಕಿ ಅಪ್ಪ ಇಟ್ಟದ್ದು. ನಾ ಮೆಚ್ಚಿದ್ದು ಈಕಿನ್ನ. ಗಿರಿಜಾ ಯಾರಂತ ನನಗ ಗೊತ್ತಿಲ್ಲ."

ಹೆಂಗಸರೆಲ್ಲ ಬಾಯಿಗೆ ಸೆರಗಿಟ್ಟು ನಕ್ಕರು. ಸುಮಿತ್ರಾಬಾಯಿ ಮಾತ್ರ ನಗಲಿಲ್ಲ. ಸಿಟ್ಟಿನಿಂದಲೇ ಸೊಸೆಯತ್ತ ತಿರುಗಿದರು. ಹುಡುಗಿ ಅಕ್ಕಿಯ ಮೇಲಿನ ಅಕ್ಷರಗಳನ್ನು ನೋಡುತ್ತ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅದನ್ನು ಕಂಡ ಅತ್ತೆ ಬಗ್ಗಿ, ತಮ್ಮ ಸೆರಗಿನಿಂದ ಅವಳ ಕಣ್ಣೊರೆಸಿದರು.

"ಸಾಕು, ಏಳು ಶಿವಕಾಂತಾ. ಊಟಕ್ಕ ಹೊತ್ತಾತು."