ಹಿತ್ತಲದ ಹಾತಿಚಕ

"ಇದನ್ನ ನಿಮ್ಮ ಹಿತ್ತಲದಾಗ ಹಚ್ಚ್ರಿ. ಯಾರಿಗೂ ಹೇಳಬ್ಯಾಡ್ರಿ," ಅಂದ ಬಾಜೂ ಮನೆಯ ವ್ಯಂಕಟೇಶ, ಗೋಡೆಯ ಮೇಲಿಂದ ಕೈವಸ್ತ್ರದ ಗಂಟು ಚಾಚಿ.

ತುಳಸಾ ಗಂಟು ಬಿಚ್ಚಿದಳು. ಮಣ್ಣು ಮೆತ್ತಿದ ಹಸಿ ಕೊಂಬುಗಳು. ಅಯ್ಯ ದೇವರೇ, ಅರಿಶಿಣ! ಗಂಡಿನ ಕಡೆಯಿಂದ ಅರಿಶಿಣ ಬಂತೆಂದರೆ ಸಂಬಂಧ ಗಟ್ಟಿ ಅಂತಲೇ ಆಳಂದದಲ್ಲಿ ಲೆಕ್ಕ. ಆದರೆ ಅದನ್ನು ಹಿರಿಯರು ತರಬೇಕಲ್ಲ, ಹುಡುಗ ಗೋಡೆ ಹತ್ತಿ ಕೊಡುವುದೇ? ಕೇಳೋಣವೆಂದು ತಲೆ ಎತ್ತಿದರೆ ಪುಣ್ಯಾತ್ಮ ಇಳಿದೇಬಿಟ್ಟಿದ್ದ. ಕೆಂಪಾದ ಕಿವಿಯಷ್ಟೇ ಕಂಡಿತು.

ಅವತ್ತೇ, ಊರೂರು ಲೂಟಿ ಮಾಡುತ್ತಿದ್ದ ರಜಾಕಾರರ ಹೆದರಿಕೆಗೆ ಅವನ ಮನೆಯವರೆಲ್ಲ ಗಾಡಿ ಕಟ್ಟಿ, ಗಡಿಯ ಖಜೂರಿ ದಾಟಿ ಸೊಲ್ಲಾಪುರದ ಕಡೆ ಹೋದರು. ತುಳಸಾ ಕೊಂಬುಗಳನ್ನು ಹೂತು, ಮಳೆಗೆ ಕಾದಳು.

ಮಳೆಯ ಜೊತೆಗೇ ಅಫಜಲಪುರದಿಂದ ಒಂದು ಸಂಬಂಧವೂ ಬಂತು. ಹುಡುಗ ವಕೀಲ.

"ನಾ ಒಲ್ಲೆವ್ವ."

"ಯಾಕ ಬೇ?" ಅಂದಳು ತಾಯಿ ಶಾರದಾಬಾಯಿ.

ತುಳಸಾ ಕೊಡ ಎತ್ತಿಕೊಂಡು ಹಿತ್ತಲದ ಕಡೆ ನಡೆದಳು. ತಾಯಿ ಹಿಂದಿನಿಂದ ಕೂಗಿದಳು:

"ದೀಪಾವಳಿ ಆದಮ್ಯಾಲ ಮತ್ತ ಬರ್ತಾರ. ಅವಾಗ ಒಲ್ಲೆ ಅಂದ್ರ ನಾ ಕೇಳಂಗಿಲ್ಲ ನೋಡು."

ಗಿಡ ಎದ್ದಿತು. ಎದ್ದದ್ದೇನು, ತುಳಸಾಳ ತಲೆ ಮೀರಿ ನಿಂತಿತು! ಎಲೆ ಮುಟ್ಟಿದರೆ ಒರಟೊರಟು. ಅರಿಶಿಣದ ಎಲೆ ಹೀಗಿರುತ್ತದೇನು? ಆಮೇಲೆ ಸೂರ್ಯಕಾಂತಿಯಂಥ ಸಣ್ಣ ಹಳದಿ ಹೂ ಬಿಟ್ಟಿತು. ಅರಿಶಿಣ ಅಲ್ಲವೇ ಅಲ್ಲ. ಹಾಗಾದರೆ ಅವನು ಕೊಟ್ಟದ್ದೇನು, ತಾನು ತಿಳಿದದ್ದೇನು? ಒಂದು ದಿನ ಸಿಟ್ಟು ಬಂದು ಕಿತ್ತೊಗೆಯಲು ಹೋದಳು, ಮರುದಿನ ನೀರು ಹಾಕಿದಳು. ದೀಪಾವಳಿಗೆ ಗಿಡ ಒಣಗಿತು. ತುಳಸಾ ಹಿತ್ತಲದಲ್ಲಿ ಕೂತು ಅತ್ತಳು.

ರಜಾಕಾರರ ಕಾಟ ಮುಗಿದು ಮಂದಿ ಊರಿಗೆ ಮರಳಿದ್ದರು. ಒಂದು ಮುಂಜಾನೆ ಅದೇ ಗೋಡೆಯ ಮೇಲೆ ಅದೇ ಮುಖ ಕಂಡಿತು.

"ಛಲೋ ಒಣಗೇದಲ್ರಿ!"

"ಒಣಗಿದ್ದಕ್ಕ ಖುಷಿ ಏನ್ರಿ ನಿಮಗ?" ತುಳಸಾ ಉರಿದುಬಿದ್ದಳು.

ವ್ಯಂಕಟೇಶ ಗೋಡೆ ಹಾರಿ ಬಂದು ಕುರುಪಿಯಿಂದ ಬುಡ ಅಗೆದ. ಬುಟ್ಟಿ ತುಂಬ ಗಡ್ಡೆ ಎದ್ದವು.

"ಹಾತಿಚಕ ಅಂತಾರ್ರಿ. ಕಲಬುರ್ಗಿ ತೋಟದ ಮಾಲಿ ಖಾಜಾ ಕೊಟ್ಟಿದ್ದ. ಮ್ಯಾಲ ಒಣಗಿದಮ್ಯಾಲೇ ಅಗೀಬೇಕು. ಪಲ್ಯ ಭಾಳ ರುಚಿ ಆಗತದ."

"ಪಲ್ಯ!" ಅಂದಳು ತುಳಸಾ. "ನಾ ಅರಿಶಿಣ ಅಂತ ತಿಳದಿದ್ದೆ. ಅದಕ್ಕ ಅಫಜಲಪುರದವರಿಗೆ ಒಲ್ಲೆ ಅಂದೆ. ನಾಳಿ ಅವರು ಮತ್ತ ಬರಾಕತ್ತಾರ."

ವ್ಯಂಕಟೇಶ ಮಣ್ಣಲ್ಲೇ ಕುಕ್ಕರಿಸಿದ. ಕಿವಿ ಮತ್ತೆ ಕೆಂಪಾಯಿತು.

"ಅರಿಶಿಣದಂಗ ಕಾಣತದ ಅಂತನ ಕೊಟ್ಟೆ, ತುಳಸಾಬಾಯಿ. ತಿರುಗಿ ಬರ್ತೇನೋ ಇಲ್ಲೋ, ಖರೇ ಅರಿಶಿಣ ಕೊಡಾಕ ಧೈರ್ಯ ಆಗಲಿಲ್ಲ. ನಿಮಗ ತಿಳೀಲಿ ಅಂತನೂ ಅನಸ್ತಿತ್ತು, ತಿಳೀಬಾರದು ಅಂತನೂ ಅನಸ್ತಿತ್ತು."

"ಎಂಥಾ ಮನಷ್ಯಾರಿ ನೀವು!"

ದಡದಡ ಒಳಗೆ ಹೋದಳು. ಅಡುಗೆಮನೆಯ ಡಬ್ಬಿಯಿಂದ ಅರಿಶಿಣದ ಕೊಂಬು ತಂದು ಅವನ ಮಣ್ಣುಗೈಯಲ್ಲಿ ಒತ್ತಿದಳು. ಆ ಕೈಯನ್ನು ಬಿಡಲು ಸ್ವಲ್ಪ ತಡವೇ ಆಯಿತು.

"ಇದು ಖರೇದು. ನಿಮ್ಮ ಅವ್ವನ ಕೈಯಾಗ ಕೊಟ್ಟು ಇವತ್ತೇ ಕಳಸ್ರಿ. ಗೋಡಿ ಮ್ಯಾಲಿಂದ ಅಲ್ಲ, ಮುಂದಿನ ಬಾಗಲದಿಂದ."

ಅವನು ಗೋಡೆ ಹಾರಿದ್ದು ನೋಡಬೇಕಿತ್ತು!

"ಯಾರ ಜೋಡಿ ಮಾತಾಡಾಕತ್ತಿದ್ದಿ ಬೇ?" ಶಾರದಾಬಾಯಿ ಬಾಗಿಲಿಗೆ ಬಂದಳು.

ತುಳಸಾ ಗಡ್ಡೆಯ ಬುಟ್ಟಿಯನ್ನು ಅವಳ ಮುಂದಿಟ್ಟಳು.

"ಇದರ ಪಲ್ಯ ಮಾಡವ್ವ. ಸ್ವಲ್ಪ ಜಾಸ್ತಿನೇ ಮಾಡು. ಇವತ್ತ ಮನಿಗೆ ಮಂದಿ ಬರೋರಿದ್ದಾರ."