ಅವ್ವ ತಿಂದ ಪ್ರಾಜೆಕ್ಟು

“ಖರೇನ ಬರ್ತೇನಿ. ಒಂದ್ ದಿನಾ ನಿನ್ನ ಸಾಲಿಗೆ ಬಂದ ಬರ್ತೇನಿ.”

ಶೈಲಾ ಒಂದನೇ ಇಯತ್ತೆಯಲ್ಲಿದ್ದಾಗ ಅವ್ವ ಸುಜಾತಾ ಹೀಗೆ ಮಾತು ಕೊಟ್ಟಿದ್ದಳು. ಶೈಲಾ ಈಗ ಐದನೇ ಇಯತ್ತೆ. ಅವ್ವ ಗೋಕಾಕದ ಬಸ್ಸಿನಲ್ಲಿ ಕಂಡಕ್ಟರ್. ಸಾಲಿಗೆ ಬರಲು ಅವಳಿಗೆ ಇದುವರೆಗೂ ಪುರಸೊತ್ತು ಸಿಕ್ಕಿರಲಿಲ್ಲ.

ಇವತ್ತು ಸಾಲಿಯಲ್ಲಿ ವಿಜ್ಞಾನ ಪ್ರದರ್ಶನ. ಶೈಲಾ ಎದ್ದವಳೇ ತನ್ನ ಥರ್ಮಾಸಿನ ಹತ್ತಿರ ಓಡಿದಳು. ಥರ್ಮಾಸ್ ಖಾಲಿ!

“ಆಯೀ! ನನ್ನ ಮಡಕಿಕಾಳು ಎಲ್ಲಿ?”

ಅಜ್ಜಿ ಶಿವವ್ವ ರೊಟ್ಟಿ ಬಡಿಯುತ್ತ ಅಂದಳು, “ಮೊಳಕಿ ಚಲೋ ಬಂದಿದ್ವು. ನಿಮ್ಮವ್ವ ರಾತ್ರಿ ಡ್ಯೂಟಿ ಮುಗಿಸಿ ಈಗರ ಹಸಗೊಂಡ ಬಂದ್ಲು. ಪಲ್ಯ ಮಾಡಿ ಹಾಕಿದೆ.”

ಅವ್ವನ ಕೈಯಲ್ಲಿದ್ದ ಕೊನೆಯ ತುತ್ತು ಅಲ್ಲೇ ನಿಂತಿತು. “ಅಯ್ಯ ನನ್ನವ್ವ! ನಾ ತಿಂದಿದ್ದು ನಿನ್ನ ಪ್ರಾಜೆಕ್ಟಾ?”

“ಎಲ್ಲಾನೂ ತಿಂದೀ?”

“ಮೂರ್ ರೊಟ್ಟಿ ಜೋಡಿ.”

ಶೈಲಾ ಜೋರಾಗಿ ಅತ್ತಳು. ಎರಡು ದಿನದಿಂದ ಕಾಳು ನೆನೆಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಥರ್ಮಾಸಿನಲ್ಲಿಟ್ಟು, ನಡುವೆ ಥರ್ಮಾಮೀಟರ್ ಇಟ್ಟು ಕಾದಿದ್ದಳು. ಹೊರಗೆ ಇಪ್ಪತ್ತಾರು ಡಿಗ್ರಿ, ಕಾಳಿನ ನಡುವೆ ಮೂವತ್ತೆರಡು! ಆಮ್ರಪಾಲಿ ಟೀಚರ್ ಹೇಳಿದ್ದು ನಿಜವಾಗಿತ್ತು. ಕಾಳಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳು. ಅವು ಕೂಡಿಟ್ಟ ಆಹಾರವನ್ನು ಗಾಳಿಯ ಜೊತೆ ಸುಟ್ಟು ಶಕ್ತಿ ಮಾಡಿಕೊಳ್ಳುತ್ತವೆ. ಹೊಗೆಯಿಲ್ಲ, ಬೆಂಕಿಯಿಲ್ಲ. ಬರೀ ಬೆಚ್ಚಗೆ.

ಈಗ ಏನು ತೋರಿಸುವುದು?

ಅವ್ವ ಹಾಸಿಗೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಮುಖ ತೊಳೆದು, ಖಾಕಿ ಬಟ್ಟೆಯಲ್ಲೇ ಹೊರಟಳು. “ನಡಿ. ತಿಂದಾಕಿ ನಾನು. ಟೀಚರಿಗೆ ನಾನ ಹೇಳ್ತೇನಿ.”

ಸಾಲಿಯಲ್ಲಿ ಎಲ್ಲರ ಬೆಂಚಿನ ಮೇಲೂ ಏನೇನೋ ಇತ್ತು. ಶೈಲಾಳ ಬೆಂಚಿನ ಮೇಲೆ ಖಾಲಿ ಥರ್ಮಾಸ್. ಬಾಜೂದ ಬೆಂಚಿನ ವಿಶಾಲ ಕಿಸಕ್ಕನೆ ನಕ್ಕ. “ಶೈಲಾ, ಚಾ ಎಲ್ಲೈತಿ?”

ಟೀಚರ್ ಬಂದರು. “ಕಾಳು ಎಲ್ಲಿ, ಶೈಲಾ?”

ಅವ್ವ ಕುರ್ಚಿಯಲ್ಲಿ ಕೂತಿದ್ದಳು. ಮಾತಾಡಲು ಬಾಯಿ ತೆರೆದಳು, ಅದು ಆಕಳಿಕೆಯಾಯಿತು. ಶೈಲಾ ಅವಳ ಕೈ ಹಿಡಿದಳು. ಕೈ ಬೆಚ್ಚಗಿತ್ತು, ಥೇಟ್ ಕಾಳಿನ ಗಂಟಿನ ಹಾಗೆ.

“ಕಾಳು ಅವ್ವನ ಹೊಟ್ಟ್ಯಾಗ ಅದಾವ್ರಿ, ಟೀಚರ್!”

ಎಲ್ಲರೂ ಗೊಳ್ಳೆಂದು ನಕ್ಕರು. ಶೈಲಾ ಥರ್ಮಾಮೀಟರಿನ ತುದಿಯನ್ನು ಅವ್ವನ ಮುಷ್ಟಿಯೊಳಗೆ ಇಟ್ಟಳು. ಹುಡುಗರು ಮುತ್ತಿಕೊಂಡರು.

“ಇಪ್ಪತ್ತೆಂಟು... ಮೂವತ್ತೊಂದು... ಏ, ಮೂವತ್ನಾಕು!”

“ಶಾಣ್ಯಾಕಿ!” ಟೀಚರ್ ಕಣ್ಣರಳಿಸಿದರು. “ನಿಮ್ಮವ್ವನ ಜೀವಕೋಶದಾಗೂ ಅದ ಕೆಲಸ ನಡದೈತಿ. ಆದ್ರ ಈಗ ಸುಡೂದು ನಿನ್ನೆ ಉಂಡದ್ದು. ಇವತ್ತಿನ ಕಾಳು ಹೊಟ್ಟ್ಯಾಗ ಇನ್ನೂ ಪಾಳಿ ಹಚ್ಚಿ ನಿಂತಾವ.”

“ಟೀಚರ್, ಥರ್ಮಾಸ್ ನಿದ್ದಿ ಹೊಡ್ಯಾಕತ್ತೈತ್ರಿ!” ವಿಶಾಲ ಕೂಗಿದ.

ಹೌದು, ಅವ್ವ ಕೂತಲ್ಲೇ ನಿದ್ದೆ ಹೋಗಿದ್ದಳು.

“ಶ್! ಮೆಲ್ಲಕ,” ಅಂದಳು ಶೈಲಾ. “ಮಲಗಿದ್ರೂ ಒಳಗ ಕೆಲಸ ನಡದೈತಿ.”

ನಿನ್ನೆ ಉಂಡದ್ದರಲ್ಲೇ ಅವ್ವ ಎಷ್ಟು ಓಡಾಡಿದ್ದಳು! ತುಂಬಿದ ಬಸ್ಸಿನಲ್ಲಿ ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ. ಆಮೇಲೆ ಮನೆ. ಆಮೇಲೆ ಇಲ್ಲಿಯವರೆಗೆ. ಶೈಲಾ ಥರ್ಮಾಮೀಟರನ್ನು ಮೆಲ್ಲಗೆ ತೆಗೆದಿಟ್ಟಳು. ಕೈ ಮಾತ್ರ ಬಿಡಲಿಲ್ಲ.

ಅವ್ವ ಸಾಲಿಗೆ ಬಂದಿದ್ದಳು.