ಅಪಸ್ವರಕ್ಕೊಂದು ಜೊತೆ

ಪಕ್ಕದಲ್ಲಿ ನಿಲ್ಲುವವನು ಹಾಡುತ್ತಲೇ ಇಲ್ಲ ಎಂದು ಅವಳಿಗೆ ಗೊತ್ತಾಗುವ ಹೊತ್ತಿಗೆ, ಅವನ ಕಣ್ಣಿಗೆ ಬೀಳಲಿ ಎಂದು ಅವಳು ಹೊಸ ಓಲೆ ಕೊಂಡು ಆಗಿತ್ತು.

ಬಸ್ ನಿಲ್ದಾಣಕ್ಕೆ ಬರುವವರಲ್ಲಿ ಅವಳ ದನಿ ಕೇಳದವರಿಲ್ಲ. ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ, ಯಾವುದು ತಡ, ಯಾವುದು ರದ್ದು ಎಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಡ್ರೈವರ್, ಕಂಡಕ್ಟರ್‌ಗಳೆಲ್ಲ ಮೈಕಕ್ಕ ಎಂದೇ ಕರೆಯುತ್ತಿದ್ದರು. ಅಂಥವಳು ನಲವತ್ತು ದಾಟಿದ ಮೇಲೆ ಹಾಡು ಕಲಿಯಲು ಹೊರಟಾಗ, ಅತ್ತಿಗೆ ಬಟ್ಟೆ ಮಡಚುತ್ತಾ, ಈಗ್ಯಾಕೆ ಬೇಕಿತ್ತು ಇದೆಲ್ಲ ಎಂದು ಕೇಳಿದ್ದರು. ಕುಹಕವೇನಲ್ಲ, ಪಾಪ, ನಿಜಕ್ಕೂ ಅರ್ಥವಾಗದೆ ಕೇಳಿದ್ದು. ಅವಳ ಮದುವೆಯ ಮಾತು ಬಂದು ಬಂದು ನಿಂತುಹೋಗಿದ್ದ ಆ ಮನೆಯಲ್ಲಿ, ಅವಳ ಬಾಳಿನಲ್ಲಿ ಇನ್ನು ಹೊಸದೇನೂ ಆಗುವುದಿಲ್ಲ ಎಂದು ಅಣ್ಣ ಅತ್ತಿಗೆ ಇಬ್ಬರೂ ಪ್ರೀತಿಯಿಂದಲೇ ತೀರ್ಮಾನಿಸಿಬಿಟ್ಟಿದ್ದರು.

ಕ್ಲಾಸು ನಡೆಯುತ್ತಿದ್ದುದು ಬೇಕರಿಯ ಮೇಲಿನ ಹಾಲ್‌ನಲ್ಲಿ. ಎಲ್ಲರೂ ದೊಡ್ಡವರೇ, ಕೆಲಸ ಮುಗಿಸಿ ಬಂದವರು, ಸಾಲಾಗಿ ನಿಂತು ಒಟ್ಟಿಗೆ ಹಾಡುವವರು. ಮೈಕಿನಲ್ಲಿ ಮಾತಾಡುವುದೇ ಬೇರೆ, ಹಾಡುವುದೇ ಬೇರೆ ಎಂಬುದು ಅವಳಿಗೆ ಮೊದಲ ದಿನವೇ ತಿಳಿಯಿತು. ಗಂಟಲೇನೋ ಧಾರಾಳ. ಶ್ರುತಿ ಮಾತ್ರ ತನ್ನ ಪಾಡಿಗೆ ತಾನು ಎತ್ತಲೋ ಹೋಗುತ್ತಿತ್ತು. ಮುಂದಿನ ಸಾಲಿನವರು ತಿರುಗಿ ನೋಡಿದರು. ಅವಳ ಕಿವಿ ಬಿಸಿಯಾಯಿತು. ಆದರೂ ನಕ್ಕು, ತಪ್ಪಿದ ಕಡೆಯಿಂದಲೇ ಮತ್ತೆ ಎತ್ತಿಕೊಂಡಳು.

ತಿರುಗಿ ನೋಡದವನು ಒಬ್ಬನೇ, ಅವಳ ಎಡಕ್ಕೆ ನಿಂತವನು. ಲಿಫ್ಟ್ ರಿಪೇರಿಯವನು. ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸು, ನೀಟಾಗಿ ಇಸ್ತ್ರಿ ಮಾಡಿದ ಶರ್ಟು. ಮಾತು ಕಮ್ಮಿ. ಮುಂದಿನ ವಾರವೂ ಅಲ್ಲೇ ಬಂದು ನಿಂತ, ಅದರ ಮುಂದಿನ ವಾರವೂ ಅಷ್ಟೇ. ಅವಳು ತಡವಾಗಿ ಬಂದರೆ ಅವಳ ಜಾಗವನ್ನು ಬಿಟ್ಟುಕೊಂಡು ಕಾಯುತ್ತಿದ್ದ. ಅವಳು ಎಲ್ಲೋ ತಪ್ಪಿದಾಗ ಅವನ ತುಟಿಯಂಚು ಸ್ವಲ್ಪವೇ ಮೇಲೇಳುತ್ತಿತ್ತು. ಅಣಕವಲ್ಲ, ಏನೋ ಸಿಕ್ಕಿದಂಥ ಸಂತೋಷ. ಅದನ್ನು ಅವಳು ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ನೋಡಿದ್ದು ಅವನಿಗೆ ಗೊತ್ತಾಗುತ್ತಿತ್ತು. ಗೊತ್ತಾಗಿದ್ದು ಅವಳಿಗೂ ಗೊತ್ತಾಗುತ್ತಿತ್ತು.

ಓಲೆ ಕೊಂಡಿದ್ದು ಆಗಲೇ.

ಆ ಓಲೆ ಹಾಕಿಕೊಂಡು ಹೋದ ಸಂಜೆ ಟೀಚರು ಬಲಗಡೆಯವರನ್ನು ಸುಮ್ಮನಿರಿಸಿ, ಎಡಗಡೆಯವರು ಮಾತ್ರ ಹಾಡಿ ಎಂದರು. ಬಲಗಡೆಗೆ ಸೇರಿದ್ದ ಅವಳು ಬಾಯಿ ಮುಚ್ಚಿ, ಆಸೆಯಿಂದ ಅವನ ಕಡೆ ಕಿವಿಕೊಟ್ಟಳು. ಅವನ ತುಟಿ ಆಡುತ್ತಿತ್ತು, ಎದೆ ಏರಿಳಿಯುತ್ತಿತ್ತು. ದನಿ ಮಾತ್ರ ಇರಲಿಲ್ಲ.

ಮೆಟ್ಟಿಲಿಳಿಯುವಾಗ ತಮಾಷೆಗೇ ಕೇಳಿದಳು: "ನಿಮ್ಮ ಸೌಂಡ್ ಎಲ್ಲಿ ಹೋಯ್ತು?"

ಅವನು ಕೆಂಪಗಾದ. "ನೀವು ಪಕ್ಕದಲ್ಲಿದ್ರೆ ನಾನು ಹಾಡ್ತಿಲ್ಲ ಅಂತ ಯಾರಿಗೂ ಗೊತ್ತಾಗಲ್ಲ. ನಿಮ್ಮ ದನಿ ಜೋರಲ್ವಾ, ಅದಕ್ಕೆ…"

ಮುಂದಿನದನ್ನು ಅವಳು ಕೇಳಿಸಿಕೊಳ್ಳಲಿಲ್ಲ. ಅಂದರೆ ಇಷ್ಟು ದಿನ ಅವನ ಪಾಲಿಗೆ ತಾನೊಂದು ಗೋಡೆ, ಅವಿತುಕೊಳ್ಳಲು ಅನುಕೂಲವಾದ ಗೋಡೆ. ಮನೆಗೆ ಬಂದು ಓಲೆ ಬಿಚ್ಚಿಟ್ಟಳು. ಇನ್ನು ಕ್ಲಾಸಿಗೆ ಹೋಗುವುದಿಲ್ಲ ಎಂದಾಗ, ಒಳ್ಳೇದಾಯ್ತು ಬಿಡು, ಸುಮ್ಮನೆ ಓಡಾಟ ಎಂದರು ಅತ್ತಿಗೆ. ಅದು ಸರಿ ಎಂದೇ ಅವಳಿಗೂ ಅನ್ನಿಸಿತು. ಅದರಿಂದಲೇ ಅವಳಿಗೆ ಹೆಚ್ಚು ನೋವಾಗಿದ್ದು.

ಎರಡು ವಾರ ಹೋಗಲಿಲ್ಲ. ಮೂರನೇ ವಾರ, ನಿಲ್ದಾಣದಲ್ಲಿ ಅವಳು ಕೂರುವ ವಿಚಾರಣೆ ಕಿಟಕಿಯ ಮುಂದಿನ ಕ್ಯೂನಲ್ಲಿ ಒಂದು ಇಸ್ತ್ರಿ ಶರ್ಟು ಕಂಡಿತು. ಅವನು ತನ್ನ ಸರದಿ ಬರುವವರೆಗೂ ನಿಂತ. ಬಂದ ಮೇಲೆ ಗಾಜಿನ ತೂತಿನ ಹತ್ತಿರ ಬಗ್ಗಿ, ಐದು ನಿಮಿಷ ಮಾತಾಡಬೇಕು ಎಂದ. ಹಿಂದೆ ಜನ ಇದ್ದಾರೆ ಎಂದಳು ಅವಳು. ಹಾಗಾದರೆ ಎರಡು ನಿಮಿಷ ಎಂದ.

ಅವನು ಚಿಕ್ಕವನಿದ್ದಾಗ ಸ್ಕೂಲಿನಲ್ಲಿ ಎಲ್ಲರೂ ಸೇರಿ ವೇದಿಕೆಯ ಮೇಲೆ ಹಾಡುವಾಗ, ನೀನು ಬರೀ ಬಾಯಿ ಆಡಿಸು, ದನಿ ಬಿಡಬೇಡ ಎಂದಿದ್ದರಂತೆ ಮೇಷ್ಟ್ರು. ಕೆಳಗೆ ಕೂತಿದ್ದ ಅಮ್ಮ, ಮಗ ಎಷ್ಟು ಚೆನ್ನಾಗಿ ಹಾಡಿದ ಎಂದು ಊರಿಗೆಲ್ಲ ಹೇಳಿಕೊಂಡು ಬಂದರಂತೆ. ಅವತ್ತಿನಿಂದ ಅವನು ಬಚ್ಚಲುಮನೆಯಲ್ಲೂ ಹಾಡಿದವನಲ್ಲ.

"ಮೊದಲನೇ ದಿನ ಅವಿತುಕೊಳ್ಳೋಕೇ ನಿಮ್ಮ ಪಕ್ಕ ನಿಂತಿದ್ದು, ನಿಜ," ಎಂದ. "ಆಮೇಲೆ ಅದಕ್ಕಲ್ಲ. ನೀವು ಎಲ್ಲರ ಎದುರಿಗೂ ತಪ್ತೀರಿ, ನಗ್ತೀರಿ, ಮತ್ತೆ ಹಾಡ್ತೀರಿ. ಅದು ಹೇಗೆ ಸಾಧ್ಯ ಅಂತ ನೋಡೋಕೆ ಬರ್ತಿದ್ದೆ. ಹೋದ ವಾರ ನೀವಿಲ್ಲದೇನೇ ದನಿ ಬಿಟ್ಟು ಹಾಡಿದೆ."

"ಹೇಗಿತ್ತು?"

"ಕೆಟ್ಟದಾಗಿತ್ತು. ಎಲ್ಲರೂ ತಿರುಗಿ ನೋಡಿದ್ರು. ನೀವೊಬ್ರು ಇರಬೇಕಿತ್ತು ಅನ್ನಿಸ್ತು."

ಅವಳಿಗೆ ನಗು ಬಂತು. ಬಂದ ನಗುವನ್ನು ತಡೆದು, ನಂಬುವುದು ಹೇಗೆ, ಇಲ್ಲೇ ಒಂದು ಸಾಲು ಹಾಡಿ ಎಂದಳು. ಅವನು ಹಿಂದೆ ನೋಡಿದ. ಸೂಟ್‌ಕೇಸ್ ಹಿಡಿದ ದಂಪತಿ, ಕೊಡೆ ಊರಿಕೊಂಡ ಅಜ್ಜ, ಒಂದಿಬ್ಬರು ಕಾಲೇಜು ಹುಡುಗಿಯರು. ಗಾಜಿಗೆ ಕೈಯೂರಿ, ಕಣ್ಣು ಮುಚ್ಚಿಕೊಂಡು ಹಾಡಿಯೇಬಿಟ್ಟ.

ನಿಜಕ್ಕೂ ಕೆಟ್ಟದಾಗಿತ್ತು. ಎಣ್ಣೆ ಕಾಣದ ಬಾಗಿಲು ತೆರೆದ ಹಾಗೆ. ಆದರೆ ಅವಳ ಕಣ್ಣು ತುಂಬಿತು. ಮೂವತ್ತು ವರ್ಷ ಒಳಗೇ ಇದ್ದ ದನಿ ಅದು. ಹೊರಗೆ ಬಂದು, ಈ ಜನರ ನಡುವೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒದ್ದಾಡುತ್ತಿತ್ತು. ಅಜ್ಜ ಸಮಾಧಾನವಾಗಿಯೇ, ನಿಮ್ಮ ವಿಚಾರಣೆ ಮುಗೀತಾ ಎಂದು ಕೇಳಿದರು. ಅವಳು ಅಜ್ಜನಿಗೆ ಬಸ್ಸಿನ ಹೊತ್ತು ಹೇಳಿ, ಅವನಿಗೆ ಆರು ಗಂಟೆಗೆ ತನ್ನ ಡ್ಯೂಟಿ ಮುಗಿಯುತ್ತದೆ ಎಂದಷ್ಟೇ ಹೇಳಿದಳು.

ಆ ಸಂಜೆ ಇಬ್ಬರೂ ಒಟ್ಟಿಗೆ ಬೇಕರಿಯ ಮೆಟ್ಟಿಲು ಹತ್ತಿದರು. ಪಕ್ಕಪಕ್ಕದಲ್ಲೇ ನಿಂತರು. ಅವಳದು ಒಂದು ದಿಕ್ಕು, ಅವನದು ಇನ್ನೊಂದು ದಿಕ್ಕು. ನಡುವೆ ಹಾಡು ಪಾಪ ಒಂಟಿಯಾಗಿ ಉಳಿಯಿತು. ಟೀಚರು ಕೈಯೆತ್ತಿ ನಿಲ್ಲಿಸಿ, ನಿಮ್ಮಲ್ಲೊಬ್ಬರು ಆ ಕೊನೆಗೆ ಹೋಗಿ, ಇನ್ನೊಬ್ಬರು ಈ ಕೊನೆಗೆ ಬನ್ನಿ, ಉಳಿದವರಾದರೂ ಬದುಕಿಕೊಳ್ಳಲಿ ಎಂದರು. ಎಲ್ಲರೂ ನಕ್ಕರು.

"ಬೇಡ ಟೀಚರ್," ಎಂದ ಅವನು. ದನಿ ಇಡೀ ಹಾಲಿಗೆ ಕೇಳಿಸಿತು. "ತಪ್ಪಿದ್ರೂ ಪರವಾಗಿಲ್ಲ, ನಾವಿಬ್ರೂ ಜೊತೇಲೇ ಇರ್ತೀವಿ."

ನಗು ನಿಂತಿತು. ಮುಂದಿನ ಸಾಲಿನವರು ಮೆಲ್ಲಗೆ ತಿರುಗಿ ನೋಡಿದರು. ಟೀಚರು ಬಗ್ಗಿ ಪುಸ್ತಕ ನೋಡುತ್ತಾ, ಸರಿ, ಮೊದಲಿಂದ ಹಾಡಿ ಎಂದರು.

ಕ್ಲಾಸು ಮುಗಿದು ಎಲ್ಲರೂ ಇಳಿದುಹೋದರು. ಅವಳು ಮೆಟ್ಟಿಲ ತಿರುವಿನಲ್ಲಿ ನಿಂತಳು. ಕೆಳಗಿನಿಂದ ಬಿಸಿ ಬ್ರೆಡ್ಡಿನ ವಾಸನೆ ಏರಿ ಬರುತ್ತಿತ್ತು.

"ಆಗ ಹೇಳಿದ್ರಲ್ಲ, ಅದು ಕ್ಲಾಸಿಗೆ ಮಾತ್ರಾನಾ?"

ಅವನು ತನ್ನ ಅಂಗೈ ನೋಡಿಕೊಂಡ.

"ಕ್ಲಾಸಿಗೆ ಅಂತಾನೇ ಶುರು ಮಾಡಿದ್ದು," ಎಂದ. "ಹೇಳ್ತಾ ಹೇಳ್ತಾ ಮಾತು ದೊಡ್ಡದಾಗೋಯ್ತು."

ಅವಳು ಗ್ರೀಸಿನ ಕಲೆಯ ಆ ಬೆರಳುಗಳನ್ನು ಹಿಡಿದುಕೊಂಡಳು. ಹಿಡಿದ ಕೈ ಬಿಡದೆ ಇಬ್ಬರೂ ಒಂದೊಂದೇ ಮೆಟ್ಟಿಲು ಇಳಿದರು.